ಮೊದಲನೇ ಆಪ್ಷನ್

ಸಿಇಟಿ ಆಪ್ಷನ್ ಎಂಟ್ರಿ ಮುಗಿಯೋ ಹಿಂದಿನ ರಾತ್ರಿ ಸಾಗರದಿಂದ ಅಕ್ಕನ ಫೋನು. "ನೀನಾದ್ರೂ ಬುದ್ಧಿ ಹೇಳೋ. ಬೆಂಗಳೂರಲ್ಲಿ ಒಳ್ಳೇ ಕಾಲೇಜು ಸಿಗೋ ರ‍್ಯಾಂಕ್ ಇಟ್ಕೊಂಡು ಮೂಡುಬಿದಿರೆಗೆ ಹೋಗ್ತೀನಿ ಅಂತಾಳೆ."

ಅಕ್ಕನ ಮಗಳು 800 ಮೀಟರ್ ಓಡ್ತಾಳೆ. ಜಿಲ್ಲೆಯಲ್ಲಿ ಮೊದಲು, ರಾಜ್ಯಮಟ್ಟದ ಫೈನಲ್‌ನಲ್ಲಿ ಆರನೆಯವಳು. ಓಟವೇ ಅನ್ನ ಹಾಕುತ್ತೆ ಅನ್ನುವಷ್ಟು ದೊಡ್ಡದಲ್ಲ, ಬಿಟ್ಟುಬಿಡು ಅನ್ನುವಷ್ಟು ಚಿಕ್ಕದೂ ಅಲ್ಲ. ಕಷ್ಟ ಇರೋದೇ ಇಲ್ಲಿ. ಓದು-ಆಟ ಎರಡೂ ಸಾಧ್ಯ ಅನ್ನೋಕೆ ನಾವು ಅನಿಲ್ ಕುಂಬ್ಳೆಯ ಹೆಸರು ಹೇಳ್ತೀವಿ. ಆರ್.ವಿ. ಕಾಲೇಜಲ್ಲಿ ಮೆಕ್ಯಾನಿಕಲ್ ಓದ್ತಿದ್ದಾಗಲೇ, 1990ರಲ್ಲಿ, ಅವರು ಭಾರತಕ್ಕೆ ಟೆಸ್ಟ್ ಆಡಿದ್ದರು. ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ಜಾವಗಲ್ ಶ್ರೀನಾಥ್ ಹೆಸರೂ ಬರುತ್ತೆ. ಆದರೆ ಅಂಥ ಪ್ರತಿಭೆಗೆ ಜಗತ್ತೇ ದಾರಿ ಬಿಡುತ್ತೆ. ಆರನೆಯವಳಿಗೆ ಯಾರು ಬಿಡ್ತಾರೆ?

ಆಪ್ಷನ್ ಎಂಟ್ರಿ ಒಂಥರಾ ನಿರ್ದಯ ವ್ಯವಸ್ಥೆ. ನೀವು ಬರೆದ ಕ್ರಮದಲ್ಲಿ, ನಿಮ್ಮ ರ‍್ಯಾಂಕಿಗೆ ಸಿಗೋದರಲ್ಲಿ ಮೇಲಿರೋದನ್ನೇ ಕಂಪ್ಯೂಟರ್ ಕೊಡುತ್ತೆ. 'ಎರಡೂ ಇಷ್ಟ' ಅಂತ ಬರೆಯೋಕೆ ಅಲ್ಲಿ ಜಾಗ ಇಲ್ಲ. ಯಾವುದು ಹೆಚ್ಚು ಬೇಕು ಅಂತ ಹದಿನೆಂಟನೇ ವಯಸ್ಸಿಗೇ ಒಪ್ಪಿಕೊಳ್ಳಬೇಕು.

ಬುದ್ಧಿ ಹೇಳೋಕೆ ನಂಗೇ ಧೈರ್ಯ ಬರಲಿಲ್ಲ. ಪಿಯುಸಿಯಲ್ಲಿ ನಾನು ವಾಲಿಬಾಲ್ ತಂಡದಲ್ಲಿದ್ದೆ. ಆಮೇಲೆ ಬೆಂಗಳೂರಿನ ಹೆಸರುವಾಸಿ ಕಾಲೇಜು. ಆಟ ಬಿಡು ಅಂತ ಯಾರೂ ಹೇಳಲಿಲ್ಲ. ಬೆಳಿಗ್ಗೆ ಎರಡು ಬಸ್ಸು, ಮಧ್ಯಾಹ್ನ ಲ್ಯಾಬ್, ವಾರಕ್ಕೊಂದು ಇಂಟರ್ನಲ್ಸ್. ಅಂಕಣದ ಅರ್ಧಭಾಗದಲ್ಲಿ ಬೈಕುಗಳು ನಿಲ್ತಿದ್ವು. ಯಾವ ದಿನ ಬಿಟ್ಟೆ ಅಂತ ಕೇಳಿದ್ರೆ ಉತ್ತರ ಗೊತ್ತಿಲ್ಲ. ಅದು ನಿರ್ಧಾರವೇ ಆಗಿರಲಿಲ್ಲ. ಈಗ ಕೆಲಸ ಇದೆ, ಮನೆಸಾಲ ಇದೆ, ಮೊಣಕಾಲಿಗೆ ಪಟ್ಟಿ ಕಟ್ಕೊಂಡು ಶನಿವಾರದ ಶಟಲ್ ಇದೆ. ಹಾಗಾಗಿ "ಹೋಗು, ಓಡು" ಅಂದ್ರೆ ಅದು ಅವಳ ಒಳ್ಳೇದಕ್ಕೋ, ನನ್ನ ಹಳೇ ಬಾಕಿ ತೀರಿಸೋಕೋ? ನಾವು ಬದುಕದ ಬದುಕನ್ನು ಮಕ್ಕಳ ಹೆಗಲಿಗೇರಿಸೋದು, 'ಡಾಕ್ಟರ್ ಆಗಲೇಬೇಕು' ಅನ್ನೋ ಅಪ್ಪಂದಿರು ಮಾಡೋ ತಪ್ಪಿಗಿಂತ ಬೇರೆಯೇನಲ್ಲ.

ಅಕ್ಕನ ಭಯವೂ ಬರೀ ಒಣಜಂಭ ಅಲ್ಲ. ದೊಡ್ಡ ಕಾಲೇಜಿನ ಕ್ಯಾಂಪಸ್ಸಿಗೆ ಹೆಚ್ಚು ಕಂಪನಿಗಳು ಬರ್ತವೆ. ಸಾಲ ತಗೊಂಡು ಓದಿಸೋರಿಗೆ ಆ ವ್ಯತ್ಯಾಸ ಚಿಕ್ಕದಲ್ಲ.

ಕೊನೆಗೆ ಹುಡುಗಿಗೇ ಫೋನ್ ಮಾಡಿದೆ. ಬುದ್ಧಿ ಹೇಳಲಿಲ್ಲ, ಬೆಲೆ ಹೇಳಿದೆ. ಕಂಪನಿಗಳು ಕಡಿಮೆ ಬರಬಹುದು. ಮೊದಲ ವರ್ಷವೇ ಕಾಲು ಉಳುಕಬಹುದು. ನಿನಗಿಂತ ಕಡಿಮೆ ರ‍್ಯಾಂಕಿನವರು ನಿನಗಿಂತ ಮೊದಲು ಕೆಲಸ ಹಿಡಿಯಬಹುದು. "ಇದೆಲ್ಲ ಗೊತ್ತಿದ್ದೂ ಬೇಕಾ?"

"ಗೊತ್ತು ಮಾಮ. ಅಲ್ಲಿ ಸ್ವರಾಜ್ಯ ಮೈದಾನದಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಬೆಂಗಳೂರಲ್ಲೂ ಕಂಠೀರವ ಇದೆ, ಆದ್ರೆ ಆ ಟ್ರಾಫಿಕ್ಕಲ್ಲಿ ಕ್ಲಾಸಿಗೆ ಮುಂಚೆ ಹೋಗಿ ಬರೋಕಾಗುತ್ತಾ? ನಾನು ದೊಡ್ಡ ಓಟಗಾರ್ತಿ ಆಗ್ತೀನಿ ಅಂತಲ್ಲ. ಓಡದ ದಿನ ನಂಗೆ ಓದೋಕೂ ಆಗಲ್ಲ, ಅಷ್ಟೇ."

ನಾನು ಸುಮ್ಮನಾದೆ. ಸಮತೋಲನ ಅಂದ ಕೂಡ್ಲೇ ನಮಗೆ ತಕ್ಕಡಿ ನೆನಪಾಗುತ್ತೆ: ಒಂದು ತಟ್ಟೆ ಇಳಿದರೆ ಇನ್ನೊಂದು ಏರಲೇಬೇಕು. ಇವಳಿಗೆ ಅದು ಎರಡು ಕಾಲಿದ್ದ ಹಾಗೆ. ಒಂದನ್ನು ಕಟ್ಟಿಹಾಕಿ ಇನ್ನೊಂದರಲ್ಲಿ ವೇಗವಾಗಿ ಹೋಗು ಅಂತಿದ್ವಿ ನಾವು. ಕೆಲವು ಕೆಲಸಗಳ ಗುರಿ ಅವುಗಳ ಹೊರಗಿರುತ್ತೆ, ಕೆಲವು ತಮಗೆ ತಾವೇ ಗುರಿ ಅಂತ ಅರಿಸ್ಟಾಟಲ್ ಬೇರ್ಪಡಿಸಿದ್ದ. ನಾವೋ, ಮಕ್ಕಳ ನಾಲ್ಕು ವರ್ಷಗಳನ್ನೇ ಐದನೇ ವರ್ಷದ ಸಂಬಳಕ್ಕೆ ಮೆಟ್ಟಿಲು ಮಾಡಿಬಿಟ್ಟಿದ್ದೀವಿ. ಆ ನಾಲ್ಕು ವರ್ಷವೂ ಬದುಕೇ ತಾನೇ? ಅವಳ ಆಯ್ಕೆ ಸರಿಯೋ ತಪ್ಪೋ ಅಂತ ಪ್ಲೇಸ್‌ಮೆಂಟ್ ದಿನ ಗೊತ್ತಾಗುತ್ತೆ ಅಂತ ನನಗನ್ನಿಸೋದಿಲ್ಲ. ಬೆಲೆ ತಿಳಿದು, ತಾನೇ ಕೊಡ್ತೀನಿ ಅಂತ ಒಪ್ಪಿದಳಲ್ಲ, ನಾನು ಯಾವತ್ತೂ ಮಾಡದಿದ್ದ ಕೆಲಸ ಅದು.

ಮೂಡುಬಿದಿರೆ ಮೊದಲನೇ ಆಪ್ಷನ್ ಆಯ್ತು. ಅಕ್ಕ ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಮೂರನೇ ದಿನ ಅವಳೇ ಮಾಡಿದ್ಲು.

"ಅಲ್ವೋ, ಅಲ್ಲಿ ಮಳೆ ಜಾಸ್ತಿಯಂತೆ. ಟ್ರ್ಯಾಕ್ ಜಾರಲ್ವಾ?"

ಸಾಗರದಲ್ಲಿ ಕೂತು ಕೇಳೋ ಪ್ರಶ್ನೆಯೇನೇ ಇದು!