ಬಿಸಿ ಬೇಕೋ, ತಂಪು ಬೇಕೋ

ರೋಣ ತಾಲ್ಲೂಕಿನ ಅಸೂಟಿಯ ಕಡೆ ಎರೆಹೊಲದಲ್ಲಿ ಹೆಸರು ಬಿತ್ತಿದವರಿಗೆ ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತದೆ. ಕಾಯಿ ಬಲಿತು ಕಪ್ಪಾದ ಮೇಲೆ ಮಳೆ ಬಿಡದೆ ಸುರಿದರೆ ಗಿಡದಲ್ಲೇ ಕಾಯಿ ಸೀಳಿ ಬಿಳಿ ಮೊಳಕೆ ಇಣುಕುತ್ತದೆ. ಆ ಕಾಳಿಗೆ ಪೇಟೆಯಲ್ಲಿ ಬೆಲೆಯಿಲ್ಲ, ಬೀಜಕ್ಕೂ ಅದು ಬಾರದು. ಹೆಸರಿಗೆ ಕಾಯುವ ಗುಣ ತೀರಾ ಕಡಿಮೆ.

ಅದೇ ಮಳೆಯಲ್ಲಿ ನೆಂದರೂ ಒಡ್ಡಿನ ಮೇಲಿನ ಕರಿಜಾಲಿಯ ಬೀಜ ಅಲುಗುವುದಿಲ್ಲ. ಅದರ ಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ಆಡು ಕುರಿಗಳು ಕಾಯಿ ತಿಂದು, ಹೊಟ್ಟೆಯ ರಸದಲ್ಲಿ ಸಿಪ್ಪೆ ಸಡಿಲವಾಗಿ ಹೊರಬಿದ್ದ ಬೀಜ ಮಾತ್ರ ಬೇಗ ಹುಟ್ಟುತ್ತದೆ. ಸಸಿ ಬೆಳೆಸುವವರು ದೊಡ್ಡಿಯಲ್ಲಿ ಆಯ್ದ ಜಾಲಿಬೀಜವನ್ನು ಇಷ್ಟಪಡುವುದು ಅದಕ್ಕೇ. ಅದು ಸಿಗದಿದ್ದರೆ ಬೀಜದ ಮೇಲೆ ಕುದಿನೀರು ಸುರಿದು, ಆರಿದ ಮೇಲೂ ಒಂದು ದಿನ ನೆನೆಯಲು ಬಿಡುತ್ತಾರೆ. ಒಂದೇ ಮರದ ಬೀಜಗಳೂ ಒಂದೇ ವರ್ಷ ಏಳುವುದಿಲ್ಲ. ಮಳೆ ನೆಚ್ಚಲಾಗದ ಸೀಮೆಯಲ್ಲಿ ಇದು ಎಂಥ ವಿವೇಕ! ಒಂದು ವರ್ಷದ ಸಸಿಗಳು ಬರಕ್ಕೆ ಒಣಗಿಹೋದರೂ ಮಣ್ಣಿನಲ್ಲಿ ಇನ್ನಷ್ಟು ಬೀಜ ಉಳಿದಿರುತ್ತದೆ.

ಹಿಮಾಲಯದ ನೀಲಿ ಪೈನ್ ಮರದ ಬೀಜಕ್ಕೆ ಬೇಕಾದದ್ದು ಚಳಿ. ಹಿಮ ಬೀಳುವ ಮುನ್ನವೇ ಮೊಳೆತರೆ ಎಳೆಸಸಿ ಸತ್ತೇಹೋಗುತ್ತದೆ. ಹಾಗಾಗಿ ಚಳಿಗಾಲ ಕಳೆದ ಮೇಲೆ ಅದು ಚೆನ್ನಾಗಿ ಮೊಳೆಯುತ್ತದೆ. ನರ್ಸರಿಯವರು ಇಂಥ ಬೀಜವನ್ನು ಒದ್ದೆ ಮರಳಿನಲ್ಲಿ ಕಲಸಿ 3–5 ಡಿಗ್ರಿ ತಂಪಿನಲ್ಲಿ ಕೆಲವು ವಾರ ಇಡುತ್ತಾರೆ. ಅಮೆರಿಕದ ಲಾಡ್ಜ್‌ಪೋಲ್ ಪೈನ್‌ನ ಎಷ್ಟೋ ಕಾಯಿಗಳು ರಾಳದಿಂದ ಬಿಗಿದುಕೊಂಡಿದ್ದು, ಕಾಳ್ಗಿಚ್ಚಿನ ಕಾವಿಗೆ ರಾಳ ಕರಗಿದಾಗಲೇ ಬಿರಿಯುತ್ತವೆ.

ಮಡಿಯಲ್ಲಿ ಬೀಜ ಏಳದಿದ್ದರೆ ಒಳ್ಳೆಯ ಸಸಿಗಾರ ಅದನ್ನು ಜೊಳ್ಳೆಂದು ಚೆಲ್ಲುವ ಮೊದಲು, ಇದು ಯಾವ ಸೀಮೆಯದು, ಇದಕ್ಕೆ ಬಿಸಿ ಬೇಕೋ ತಂಪು ಬೇಕೋ ಎಂದು ವಿಚಾರಿಸುತ್ತಾನೆ. ಈ ವ್ಯವಧಾನ ಮನೆಯೊಳಗೂ ಬೇಕು. ಹೊಸದಾಗಿ ಬಂದ ಸೊಸೆ ನಾಲ್ಕು ತಿಂಗಳಾದರೂ ಹೂಂ, ಉಹೂಂ ಬಿಟ್ಟು ಮಾತಾಡದಿದ್ದರೆ ಸೊಕ್ಕು ಎಂದುಬಿಡುತ್ತೇವೆ. ಹಿರಿಯ ಸೊಸೆ ಬಂದ ವಾರಕ್ಕೇ ಕಲೆತುಹೋದಳೆಂದು ಅವಳೆದುರೇ ಹೇಳಿ ಇನ್ನಷ್ಟು ಕುಗ್ಗಿಸುತ್ತೇವೆ. ಈ ಸಲ ಪಂಚಮಿಗೆ ತವರಿಗೆ ಕಳಿಸುವಾಗ ಇಂಥ ದಿನವೇ ಬಾ ಎಂದು ಗಡುವು ಹಾಕದಿರೋಣ. ತಿರುಗಿ ಬಂದಾಗ, ಉಂಡಿ ಯಾರು ಕಟ್ಟಿದರವ್ವಾ, ಜೋಕಾಲಿ ಯಾವ ಗಿಡಕ್ಕೆ ಹಾಕಿದ್ದರು ಎಂದು ಪಕ್ಕದಲ್ಲಿ ಕೂತು ಕೇಳಿದರೆ, ಅವಳು ಹೇಳುವುದಕ್ಕೆ ಬೇಕಾದಷ್ಟಿರುತ್ತದೆ.