ಮಾಲೆ ತೆಗೆದ ಮೇಲೂ ಮುಂಜಾವು ಉಳಿಯಲಿ

ಸ್ವಾಮಿಯೇ ಶರಣಂ ಅಯ್ಯಪ್ಪ!

ದೆಹಲಿಯಲ್ಲಿದ್ದುಕೊಂಡು ವ್ರತ ಹಿಡಿದಿರುವ ಯುವ ಸ್ವಾಮಿಗಳೇ, ಮುಖ್ಯವಾಗಿ ಈ ವರ್ಷದ ಕನ್ನಿ ಸ್ವಾಮಿಗಳೇ,

ಮಾಲೆ ಹಾಕಿದ ಮೊದಲ ವಾರ ಎಲ್ಲರ ಪ್ರಶ್ನೆ ಒಂದೇ: "ಗುರುಸ್ವಾಮಿ, ಈ ಚಳಿಯಲ್ಲಿ ನಾಲ್ಕು ಗಂಟೆಗೇ ಏಳಲೇಬೇಕಾ?" ಮಾಲೆ ತೆಗೆದ ಮೊದಲ ವಾರ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಎಂಟು ಗಂಟೆಯಾದರೂ ಕಂಬಳಿಯೊಳಗೇ ಇರುತ್ತಾರೆ! ಮಂಡಲ ಪೂರ್ತಿ ನಸುಕಿಗೆ ಎದ್ದ ದೇಹ ಒಂದೇ ವಾರದಲ್ಲಿ ಹಳೆಯ ಚಾಳಿಗೆ ಮರಳಿದರೆ, ವ್ರತದಿಂದ ನಾವು ಕಲಿತದ್ದೇನು? ಇವತ್ತಿನ ಮಾತು ಅದರ ಬಗ್ಗೆಯೇ.

ನಮ್ಮ ಕರ್ನಾಟಕ ಭವನ ಇರುವುದು ಚಾಣಕ್ಯಪುರಿಯ ಕೌಟಿಲ್ಯ ಮಾರ್ಗದಲ್ಲಿ. ಆ ಹೆಸರಿಗೂ ನಮ್ಮ ನಾಡಿಗೂ ಒಂದು ನಂಟಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು 1905ರಲ್ಲಿ ತಾಳೆಗರಿಯಲ್ಲಿ ಗುರುತಿಸಿದವರು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು. 1909ರಲ್ಲಿ ಅದನ್ನು ಅಚ್ಚಿಗೆ ತಂದವರೂ ಅವರೇ.

ಆ ಗ್ರಂಥದಲ್ಲಿ ರಾಜನಿಗೊಂದು ದಿನಚರಿ ಇದೆ. ಹಗಲು ಎಂಟು ಭಾಗ, ರಾತ್ರಿ ಎಂಟು ಭಾಗ. ರಾತ್ರಿಯ ಮೂರನೆಯ ಭಾಗದಲ್ಲಿ ರಾಜ ವಾದ್ಯಘೋಷದೊಂದಿಗೆ ಶಯನಕ್ಕೆ ಹೋಗಬೇಕು. ನಾಲ್ಕು ಮತ್ತು ಐದನೆಯ ಭಾಗ ನಿದ್ದೆ. ಆರನೆಯ ಭಾಗದಲ್ಲಿ ವಾದ್ಯಘೋಷದಿಂದಲೇ ಎಚ್ಚರ. ಎದ್ದವನು ಮೊದಲು ಮಾಡಬೇಕಾದ್ದು ಶಾಸ್ತ್ರ ಚಿಂತನೆ, ಆಮೇಲೆ ಆ ದಿನ ಮಾಡಬೇಕಾದ ಕೆಲಸದ ಚಿಂತನೆ. ಮಂತ್ರಾಲೋಚನೆ, ಗೂಢಚಾರರನ್ನು ಕಳಿಸುವುದು, ಇವೆಲ್ಲ ಅದರ ನಂತರದ ಭಾಗಕ್ಕೆ.

ಇದರಲ್ಲಿ ಮೂರು ಸಂಗತಿ ಗಮನಿಸಿ, ಸ್ವಾಮಿಗಳೇ.

ಮೊದಲನೆಯದು, ಏಳುವುದಕ್ಕೆ ಮಾತ್ರವಲ್ಲ, ಮಲಗುವುದಕ್ಕೂ ವಾದ್ಯ ಮೊಳಗಬೇಕು. ನಾವು ಏಳುವುದಕ್ಕೆ ಮೂರು ಅಲಾರಂ ಇಡುತ್ತೇವೆ, ಮಲಗುವುದಕ್ಕೆ ಒಂದೂ ಇಲ್ಲ. ಶಬರಿಮಲೆಯಲ್ಲಿ ನೋಡಿ. ಮಂಡಲ ಕಾಲದ ನಸುಕಿನಲ್ಲಿ ಸಾವಿರಾರು ಭಕ್ತರು ಸಾಲಿನಲ್ಲಿ ಕಾದಿರುವಾಗಲೇ ಬಾಗಿಲು ತೆರೆಯುತ್ತದೆ. ಆದರೆ ರಾತ್ರಿ, ಎಷ್ಟೇ ಜನರಿರಲಿ, ಹರಿವರಾಸನಂ ಹಾಡಿ ಬಾಗಿಲು ಮುಚ್ಚುತ್ತಾರೆ. ಸ್ವಾಮಿಗೇ ಶಯನದ ಹೊತ್ತು ಅಂತ ಒಂದಿದೆ. ನಮಗೆ ಮಾತ್ರ ರಾತ್ರಿ ಒಂದು ಗಂಟೆಯವರೆಗೂ ಮೊಬೈಲ್ ಬಾಗಿಲು ತೆರೆದೇ ಇರುತ್ತದೆ! ಇರುಮುಡಿ ಕಟ್ಟುವಾಗ ತೆಂಗಿನಕಾಯಿಯ ನೀರನ್ನು ಪೂರ್ತಿ ತೆಗೆದ ಮೇಲೆ ತಾನೇ ತುಪ್ಪ ತುಂಬುವುದು? ರಾತ್ರಿಯನ್ನು ಖಾಲಿ ಮಾಡದೆ ಬೆಳಗನ್ನು ತುಂಬಲು ಆಗುವುದಿಲ್ಲ.

ಎರಡನೆಯದು, ಎದ್ದ ತಕ್ಷಣ ಸುದ್ದಿಗೆ ಕೈ ಹಾಕಬಾರದು. ರಾಜ್ಯವನ್ನೇ ಆಳುವವನಿಗೆ ಇಲ್ಲದ ಅವಸರ ನಮಗೇಕೆ? ಐದೂವರೆಗೆ ಎದ್ದು ಆರೂವರೆಯವರೆಗೆ ರೀಲ್ಸ್ ನೋಡಿದರೆ ನಷ್ಟವಾದದ್ದು ನಿದ್ದೆ ಮಾತ್ರ. ಸ್ನಾನ, ದೀಪ, ಶರಣು ಘೋಷ, ಆಮೇಲೆ ಆ ದಿನದ ಅತಿ ಕಷ್ಟದ ಕೆಲಸ. ರಾಜಿಂದರ್ ನಗರದ ರೂಮಿನಲ್ಲಿ ಯುಪಿಎಸ್‌ಸಿಗೆ ಓದುತ್ತಿರುವ ಸ್ವಾಮಿ ತನಗೆ ಭಯ ಹುಟ್ಟಿಸುವ ಪಾಠವನ್ನೇ ಆಗ ತೆರೆಯಲಿ. ಪೂಜೆಯಿಂದ ಎದ್ದ ಮನಸ್ಸು ಓದಿಗೆ ಕೂತರೆ ಆ ಓದೂ ಸ್ವಾಮಿಯ ಸೇವೆಯೇ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಷ್ಟು ಕಟ್ಟುನಿಟ್ಟಾಗಿ ಬರೆದ ಕೌಟಿಲ್ಯನೇ, ರಾಜ ತನ್ನ ಶಕ್ತಿಗೆ ತಕ್ಕಂತೆ ಹಗಲು ರಾತ್ರಿಯನ್ನು ಬೇರೆ ರೀತಿಯಲ್ಲೂ ಹಂಚಿಕೊಳ್ಳಬಹುದು ಎನ್ನುತ್ತಾನೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ಹೇಳುವ ವಾಗ್ಭಟನ ಅಷ್ಟಾಂಗ ಹೃದಯವೂ ಆ ಮಾತನ್ನು ಹೇಳಿರುವುದು ಸ್ವಸ್ಥನಾದವನಿಗೆ. ಅತಿಯಾಗಿ ಮಲಗುವವನಿಗೂ ಯೋಗವಿಲ್ಲ, ಅತಿಯಾಗಿ ಎಚ್ಚರವಿರುವವನಿಗೂ ಇಲ್ಲ ಎಂಬುದು ಗೀತೆಯ ಆರನೆಯ ಅಧ್ಯಾಯದ ಅಭಿಪ್ರಾಯ. ನಿದ್ದೆಗೆಟ್ಟು ಒಣಗುವುದು ತಪಸ್ಸಲ್ಲ.

ಹಾಗಾದರೆ ನಾಲ್ಕು ಗಂಟೆಯ ಲೆಕ್ಕ? ಬ್ರಾಹ್ಮೀ ಮುಹೂರ್ತ ಗಡಿಯಾರದ್ದಲ್ಲ, ಸೂರ್ಯನದು. ಒಂದು ಮುಹೂರ್ತ ಎಂದರೆ 48 ನಿಮಿಷ. ಸೂರ್ಯೋದಯಕ್ಕೆ ಎರಡು ಮುಹೂರ್ತ, ಅಂದರೆ 96 ನಿಮಿಷ ಮೊದಲು ಅದು ಶುರು. ಡಿಸೆಂಬರ್ ಕೊನೆಗೆ ದೆಹಲಿಯಲ್ಲಿ ಸೂರ್ಯ ಹುಟ್ಟುವುದು ಸುಮಾರು 7:10ಕ್ಕೆ. ಹಾಗಾದರೆ ಇಲ್ಲಿ ಬ್ರಾಹ್ಮೀ ಮುಹೂರ್ತ ಸುಮಾರು 5:35ರಿಂದ 6:20ರವರೆಗೆ. ಬೆಂಗಳೂರಿನಲ್ಲಿ ಐದಕ್ಕೆ ಏಳುವವರು ಇಲ್ಲಿ ಐದೂವರೆಗೆ ಎದ್ದರೂ ವ್ರತಕ್ಕೆ ಕುಂದಿಲ್ಲ. ಹತ್ತಕ್ಕೆ ಮಲಗಿದರೆ ಏಳೂವರೆ ಗಂಟೆ ನಿದ್ದೆಯೂ ಆಯಿತು.

ಗುರುಗ್ರಾಮ, ನೋಯ್ಡಾದಲ್ಲಿ ನೈಟ್ ಶಿಫ್ಟ್ ಮುಗಿಸಿ ನಸುಕಿಗೆ ರೂಮಿಗೆ ಬರುವ ಸ್ವಾಮಿಗಳು ಕೊರಗುವುದು ಬೇಡ. ಬಂದವರೇ ಸ್ನಾನ ಮಾಡಿ ದೀಪ ಹಚ್ಚಿ, ಶರಣು ಕೂಗಿ, ಆಮೇಲೆ ನಿಶ್ಚಿಂತೆಯಿಂದ ಮಲಗಿ. ಮಲಗುವ ಹೊತ್ತು, ಏಳುವ ಹೊತ್ತು ದಿನಾ ಒಂದೇ ಇರಲಿ, ಅದೇ ನಿಮ್ಮ ನಿಯಮ. ನಸುಕಿಗೆ ಎದ್ದವರು ಉತ್ಸಾಹದಲ್ಲಿ ನೆಹರೂ ಪಾರ್ಕ್‌ಗೆ ಓಡಲು ಹೋಗಬೇಡಿ. ಚಳಿಗಾಲದ ನಸುಕಿನಲ್ಲಿ ಇಲ್ಲಿನ ಹೊಗೆ ನೆಲಮಟ್ಟದಲ್ಲೇ ನಿಂತಿರುತ್ತದೆ. ಬಿಸಿಲು ಬರಲಿ, ಗಾಳಿಯ ಮಟ್ಟ ನೋಡಿಕೊಂಡು ಹೊರಡಿ.

ಊರಿಗೆ ಹೋಗಿ ಅಲ್ಲಿಂದ ಗಾಡಿಯಲ್ಲಿ ಶಬರಿಮಲೆಗೆ ಹೊರಡುವವರಿಗೆ ಒಂದು ಕಟ್ಟಪ್ಪಣೆ. ಹಿಂದಿನ ರಾತ್ರಿ ನಿದ್ದೆ ಮಾಡದ ಸ್ವಾಮಿ ಸ್ಟೇರಿಂಗ್ ಹಿಡಿಯಬಾರದು. ಗಾಡಿಯಲ್ಲಿರುವ ಅಷ್ಟೂ ಜನರ ಇರುಮುಡಿ ಅವರ ಕೈಯಲ್ಲಿದೆ. ಕಣ್ಣು ಎಳೆದರೆ ಗಾಡಿ ನಿಲ್ಲಿಸಿ ಮಲಗಲಿ. ದರ್ಶನ ಒಂದು ದಿನ ತಡವಾದರೂ ಸ್ವಾಮಿ ಕಾಯುತ್ತಾನೆ.

ಯಾತ್ರೆ ಮುಗಿಸಿ ಮಾಲೆ ತೆಗೆದ ಮೇಲೆ ಎಲ್ಲ ನಿಯಮವೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಎರಡನ್ನು ಮಾತ್ರ ಉಳಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ಫೋನನ್ನು ಹಾಸಿಗೆಯಿಂದ ದೂರ ಇಟ್ಟು ಮನಸ್ಸಿನಲ್ಲೇ ಹರಿವರಾಸನಂ. ಬೆಳಗ್ಗೆ ಎದ್ದು ಫೋನ್ ಮುಟ್ಟದ ಮೊದಲ ಅರ್ಧ ಗಂಟೆ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಶುರು ಮಾಡಿ. ಹದಿನೆಂಟು ಮೆಟ್ಟಿಲನ್ನೂ ಒಂದೊಂದಾಗಿಯೇ ತಾನೇ ನಾವು ಹತ್ತುವುದು?

ಇವತ್ತು ರಾತ್ರಿ ಮಲಗುವುದಕ್ಕೂ ಒಂದು ಅಲಾರಂ ಇಡಿ, ಸ್ವಾಮಿಗಳೇ. ಬೆಳಗಿನದನ್ನು ಅಯ್ಯಪ್ಪ ನೋಡಿಕೊಳ್ಳುತ್ತಾನೆ.

ಸ್ವಾಮಿ ಶರಣಂ.