“ಬೇಡ” ಅನ್ನೋ ಹಕ್ಕು ಯಾರಿಗೆ ಕೊಟ್ಟಿದ್ದೀರಿ?

ಪ್ರಿಯರೇ, ಇಬ್ರಿಯರಿಗೆ ಬರೆದ ಪತ್ರಿಕೆ 12ನೇ ಅಧ್ಯಾಯ ತೆಗೀರಿ. ಓಟದ ಮಾತು ಮುಗೀತಿದ್ದ ಹಾಗೆ ಅಲ್ಲಿ ಶಿಸ್ತಿನ ಮಾತು ಬರುತ್ತೆ. ಯಾಕೆ?

ಪಿ.ವಿ. ಸಿಂಧು ನಿಮಗೆಲ್ಲ ಗೊತ್ತು. 2016ರ ರಿಯೊ ಒಲಿಂಪಿಕ್ಸ್‌ಗೆ ಮುಂಚೆ ಕೋಚ್ ಪುಲ್ಲೇಲ ಗೋಪಿಚಂದ್ ಮೂರು ತಿಂಗಳು ಅವರ ಫೋನ್ ತೆಗೆದಿಟ್ಟುಕೊಂಡರು. ಐಸ್‌ಕ್ರೀಮೂ ಬೇಡ ಅಂದರು. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಸಿಂಧು ಮೆದು ಸ್ವಭಾವದವರು, ಕೋರ್ಟ್‌ನಲ್ಲಿ ದನಿಯೇ ಏಳುತ್ತಿರಲಿಲ್ಲ. ಗೋಪಿಚಂದ್ ಅದನ್ನು ಗಮನಿಸಿದರು. ಎಲ್ಲರೆದುರು ನಿಲ್ಲಿಸಿ, ಜೋರಾಗಿ ಕಿರುಚೋ ತನಕ ರಾಕೆಟ್ ಮುಟ್ಟಬೇಡ ಅಂದರು. ಸಿಂಧು ಅತ್ತರು, ಆಮೇಲೆ ಕಿರುಚಿದರು. ರಿಯೊದಲ್ಲಿ ಆ ದನಿಯನ್ನು ಇಡೀ ದೇಶ ಕೇಳಿತು. ಬೆಳ್ಳಿ ಬಂತು!

ನನ್ನನ್ನು ಮುಟ್ಟಿದ್ದು ಇದು: ಒಳ್ಳೇ ಕೋಚ್ ಶಿಸ್ತು ಮಾಡೋದು ನಮ್ಮನ್ನು ಕುಗ್ಗಿಸೋಕಲ್ಲ, ಒಳಗೆ ಅಡಗಿರೋದನ್ನು ಹೊರಗೆ ತರೋಕೆ.

ಇನ್ನೊಂದು ಮಾತು. ಬ್ಯಾಡ್ಮಿಂಟನ್‌ನಲ್ಲಿ ಶಟಲ್ ಆಟದಲ್ಲಿರುವಾಗ ಕೋಚ್ ಮಾತಾಡೋ ಹಾಗಿಲ್ಲ. 11 ಪಾಯಿಂಟ್ ಆದಾಗ ಸಿಗೋದು 60 ಸೆಕೆಂಡ್. ಅಷ್ಟರಲ್ಲಿ ಹೇಳೋ ಎರಡು ಮಾತು ಹಿಡಿಯಬೇಕಾದ್ರೆ, ತಿಂಗಳುಗಟ್ಟಲೆ ಆ ದನಿ ಕೇಳಿ ರೂಢಿ ಆಗಿರಬೇಕು. ಪವಿತ್ರಾತ್ಮನ ಸ್ವರವೂ ಹಾಗೇ. ಶೋಧನೆ ಬಂದ ದಿನ ಹೊಸದಾಗಿ ಕಲಿಯೋಕಾಗಲ್ಲ, ದಿನಾ ಕೇಳಬೇಕು.

ತಮ್ಮಂದಿರೇ, ತಂಗಿಯರೇ, ನಾನು ಕೇಳ್ತೀನಿ: ನಿಮ್ಮನ್ನು ಪ್ರೀತಿಸಿ “ಬೇಡ” ಅನ್ನೋ ಒಬ್ಬರಾದರೂ ನಿಮಗಿದ್ದಾರಾ? ಇಲ್ಲದಿದ್ದರೆ ಈ ವಾರವೇ ಹುಡುಕಿ.

ಪ್ರಾರ್ಥಿಸೋಣ. ತಂದೆಯೇ, ತಿದ್ದುವ ನಿನ್ನ ಕೈಯಿಂದ ನಾವು ಓಡಿಹೋಗದಂತೆ ಕಾಪಾಡು. ಆಮೆನ್.